ರುಕ್ಮಯ್ಯಣ್ಣನ ಕರಿಹಲಗೆ

೧೯೮೭ ಮೇ ೨೫, ಸೋಮವಾರ

ಇವತ್ತು ರುಕ್ಮಯ್ಯಣ್ಣನಿಗೆ ಶಾಲು ಹೊದಿಸಿ ಕೈಗೊಂದು ಗೋಡೆ ಗಡಿಯಾರ ಕೊಟ್ಟರು. ಬಂಟ್ವಾಳದಿಂದ ಹೊರಡುವ ನಮ್ಮ ಕಂಪೆನಿಯ ಅಷ್ಟೂ ಬಸ್ಸುಗಳಿಗೆ ಜೀವಮಾನವಿಡೀ ಹೊತ್ತು ಹೇಳಿದವರಿಗೆ ಗಡಿಯಾರ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕೋಪ ಮಾತ್ರ ಬಂತು.

ಯಾವ ಡ್ರೈವರ್ ಬೆಳ್ತಂಗಡಿಗೆ, ಯಾವ ಕಂಡಕ್ಟರ್ ಮೂಡಬಿದ್ರೆಗೆ, ಕೊಕ್ಕಡದಲ್ಲಿ ರಾತ್ರಿ ಹಾಲ್ಟ್ ಯಾರಿಗೆ, ಎಲ್ಲ ಆ ಮನುಷ್ಯನ ತಲೆಯಲ್ಲಿತ್ತು. ಸಂಜೆಯಾದರೆ ಆಫೀಸಿನ ಜಗಲಿಯ ಕರಿಹಲಗೆಯಲ್ಲಿ ಮರುದಿನದ ಡ್ಯೂಟಿ ಬರೆಯುವರು. ಬರೆದು ಕೈ ಕೊಡವುವ ಮೊದಲೇ ಜಗಳ ಶುರು. "ಎಂಥ ರುಕ್ಮಯ್ಯಣ್ಣ, ನಾಳೆ ನಮ್ಮ ಮನೆಯಲ್ಲಿ ದೈವದ ಕೋಲ ಉಂಟಲ್ಲ?" ಅಂತ ಒಬ್ಬ, "ನಾನು ನೋಂಬು ಹಿಡಿದು ಸಂಜೆ ಬಸ್ಸು ಬಿಡುವುದಾ?" ಅಂತ ಇನ್ನೊಬ್ಬ. ರುಕ್ಮಯ್ಯಣ್ಣ ಬಯ್ಯುತ್ತಾ ಅಳಿಸುವರು, ಬಯ್ಯುತ್ತಾ ಬರೆಯುವರು. ರಂಜಾನ್ ಉಪವಾಸದ ತಿಂಗಳಲ್ಲಿ ಬ್ಯಾರಿಗಳ ಸಂಜೆ ಟ್ರಿಪ್ಪು ನಮ್ಮವರಿಗೆ, ಕೋಲದ ರಾತ್ರಿಗಳಲ್ಲಿ ನಮ್ಮವರ ಹಾಲ್ಟು ಬ್ಯಾರಿಗಳಿಗೆ. ಇದನ್ನು ಯಾರೂ ಕಾನೂನು ಮಾಡಿದ್ದಲ್ಲ, ನಡೆದುಕೊಂಡು ಬಂದದ್ದು.

ಈಗ ಆ ಕೆಲಸಕ್ಕೆ ಕಂಪ್ಯೂಟರ್ ಅಂತೆ. ಅದರ ಜೊತೆಗೆ ಮಂಗಳೂರಿನಿಂದ ಉದಯಶಂಕರ ಅಂತ ಒಬ್ಬ ಹೊಸ ಮ್ಯಾನೇಜರ್. ಸೀಮೆಸುಣ್ಣದ ಪುಡಿ ಯಂತ್ರಕ್ಕೆ ಆಗುವುದಿಲ್ಲ ಎಂದು ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿಯೇ ಬಿಟ್ಟ. ರುಕ್ಮಯ್ಯಣ್ಣ ನೋಡುತ್ತಾ ನಿಂತಿದ್ದರು. ಅವರ ಕಡೆ ತಿರುಗಿ, ನಗುತ್ತಾ, "ಸಾಕಲ್ಲ ರುಕ್ಮಯ್ಯನವರೇ, ನಿಮ್ಮ ತಲೆಗೂ ಸ್ವಲ್ಪ ವಿಶ್ರಾಂತಿ ಬೇಡವಾ?" ಎಂದ. ಆ ನಗು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅಪ್ಪ ಈ ಕಂಪೆನಿಯಲ್ಲೇ ಡ್ರೈವರ್ ಆಗಿದ್ದವರು. ಅವರು ಹೋದಾಗ ನನ್ನ ಕೈಹಿಡಿದು ಧಣಿಗಳ ಎದುರು ನಿಲ್ಲಿಸಿ, "ಈ ಹುಡುಗಿಗೆ ಟೈಪಿಂಗ್ ಬರ್ತದೆ, ಒಂದು ಕುರ್ಚಿ ಕೊಡಿ" ಎಂದು ಹೇಳಿದ್ದು ರುಕ್ಮಯ್ಯಣ್ಣ. ಇವತ್ತಿಗೂ ಅದೇ ಕುರ್ಚಿಯಲ್ಲಿ ಅನ್ನ ಉಣ್ಣುತ್ತಿದ್ದೇನೆ.

ಹೊರಡುವಾಗ ವೀರರಾಜ ಧಣಿಗಳು ಗೇಟಿನವರೆಗೆ ಬಂದು ಹೇಳಿದರು: "ಬೇಜಾರು ಮಾಡ್ಬೇಡಿ ರುಕ್ಮಯ್ಯ. ನಿನ್ನೆ ಪತ್ತನಾಜೆ ಕಳೀತು, ಈ ವರ್ಷದ ಕೋಲಗಳೆಲ್ಲ ಮುಗಿದವು. ಬರುವ ಪತ್ತನಾಜೆಯವರೆಗೆ ನೋಡುವ. ಅಷ್ಟರಲ್ಲಿ ನಮ್ಮವರಿಗೆ ಇದು ಒಗ್ಗದಿದ್ರೆ ಪೆಟ್ಟಿಗೆ ವಾಪಸ್, ನೀವು ವಾಪಸ್."

ಸರಿ. ಒಂದು ವರ್ಷ ಉಂಟು. ಒಗ್ಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಉದಯಶಂಕರನಿಗೂ ಒಂದು ಶಾಲು, ಒಂದು ಗಡಿಯಾರ ಕೊಡಿಸಿ ಕಳಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ.

ಜೂನ್ ೧೮

ಹಹ್ಹಾ! ಇವತ್ತು ಹೊಟ್ಟೆ ತಣ್ಣಗಾಯಿತು.

ಟೈಪಿಂಗ್ ಬರುತ್ತದೆಂದು ಯಂತ್ರದ ಎದುರು ನನ್ನನ್ನೇ ಕೂರಿಸಿದ್ದಾರೆ. ಅದಕ್ಕೆ ಕನ್ನಡ ಬರುವುದಿಲ್ಲ. ಡ್ಯೂಟಿಯ ಹಾಳೆ ಇಂಗ್ಲಿಷಿನಲ್ಲೇ ಕಟಕಟ ಎಂದು ಹೊರಗೆ ಬರುತ್ತದೆ. ನಮ್ಮ ಡ್ರೈವರುಗಳಲ್ಲಿ ಇಂಗ್ಲಿಷ್ ಓದುವವರು ಯಾರು? ನನಗೆ ಮೊದಲೇ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬೆಳಿಗ್ಗೆ ಮೂಡಬಿದ್ರೆ ಬಸ್ಸಿನ ಸೀಟಿಗೆ ಎರಡೂ ಬಾಗಿಲಿನಿಂದ ಇಬ್ಬರು ಡ್ರೈವರುಗಳು ಹತ್ತಿದರು. ಬೆಳ್ತಂಗಡಿ ಬಸ್ಸಿಗೆ ಒಬ್ಬನೂ ಇಲ್ಲ. ಮೊಯಿದಿನಬ್ಬ ಸ್ಟೇರಿಂಗ್ ಹಿಡಿದುಕೊಂಡು, "ನಾನು ಇಳಿಯುವುದಿಲ್ಲ, ಹಾಳೆಯಲ್ಲಿ ನನ್ನ ಹೆಸರೇ ಇರುವುದು" ಎಂದು ಕೂತ. ಇನ್ನೊಬ್ಬನೂ ಅದನ್ನೇ ಹೇಳಿದ. ಪ್ಯಾಸೆಂಜರುಗಳು ಇಬ್ಬರಿಗೂ ಬೈದರು.

ಉದಯಶಂಕರನಿಗೆ ಬೇಸರವೇ ಆಗಲಿಲ್ಲ, ಅದೇ ನನಗೆ ಬೇಸರ. ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿ ಭಾಷಣ ಬಿಗಿದ. ಯಂತ್ರ ತಂದಿಟ್ಟ ಮಾತ್ರಕ್ಕೆ ಆಗುವುದಿಲ್ಲವಂತೆ. ಐದು ವರ್ಷ ಕಳೆದ ಮೇಲೂ ಜನ ತಾವಾಗಿ ಅದರ ಹತ್ತಿರ ಬರಬೇಕಂತೆ, ಅದಕ್ಕೆ ಈಗಿನಿಂದಲೇ ಯೋಜನೆ ಹಾಕಬೇಕಂತೆ. ಹಿಂದಿನಿಂದ ಗಜಾನನ ಕಂಡಕ್ಟರ್ ಗೊಣಗಿದ: "ಐದು ವರ್ಷ! ಇವ ಐದು ತಿಂಗಳು ಇದ್ರೆ ನಾನು ಮೀಸೆ ಬೋಳಿಸ್ತೇನೆ."

ಜುಲೈ ೨೫

ಆಟಿ ಅಮಾವಾಸ್ಯೆ. ಪಾಲೆ ಮರದ ಕೆತ್ತೆಯ ಕಷಾಯ ಕುಡಿದೆ. ಕಹಿ ಗಂಟಲಿನಿಂದ ಇನ್ನೂ ಇಳಿದಿಲ್ಲ.

ಹೆಸರಿನ ಬದಲು ಬ್ಯಾಡ್ಜಿನ ನಂಬರ್ ಹಾಕಿದರೆ ಎಲ್ಲರಿಗೂ ಓದಲು ಬರುತ್ತದೆ ಎಂದು ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ. ದಿನಾ ಬೆಳಿಗ್ಗೆ ಆ ಗೊಂದಲ ನೋಡಿ ನೋಡಿ ಮಂಡೆ ಬಿಸಿಯಾಗಿತ್ತು. ಅವನು "ವಾ ಮೇಡಂ!" ಎಂದ. ಥೂ, ನನ್ನ ನಾಲಗೆ!

ಡಿಸೆಂಬರ್ ೨೦

ಕೋಲದ ಕಾಲ ಶುರುವಾಯಿತು. ಇದಕ್ಕೇ ಕಾಯುತ್ತಿದ್ದೆ.

ಗಜಾನನನ ಕುಟುಂಬದ ದೈವಕ್ಕೆ ನಿನ್ನೆ ಕೋಲ. ಯಂತ್ರ ಅವನಿಗೆ ಕೊಕ್ಕಡದ ಹಾಲ್ಟ್ ಕೊಟ್ಟಿತ್ತು. ರುಕ್ಮಯ್ಯಣ್ಣ ಇದ್ದಿದ್ದರೆ ಕೇಳುವ ಮೊದಲೇ ಬೇರೆಯವರನ್ನು ಹಾಕುತ್ತಿದ್ದರು. ಗಜಾನನ ಒಂದು ಮಾತೂ ಹೇಳದೆ ಮನೆಗೆ ಹೋದ. ಕೊಕ್ಕಡಕ್ಕೆ ಹೋಗುವವರು ಬಸ್ಸಿನಲ್ಲಿ ಕೂತು ಕೂತು ಕೊನೆಗೆ ಆಫೀಸಿಗೇ ನುಗ್ಗಿದರು.

ಇವತ್ತು ಉದಯಶಂಕರ ಅವನನ್ನು ನಿಲ್ಲಿಸಿ, "ರಜೆಗೆ ಅರ್ಜಿ ಕೊಡಬೇಕಿತ್ತಲ್ಲ?" ಎಂದ. ಗಜಾನನನ ಕಣ್ಣು ಕೆಂಪಾಯಿತು. "ದೈವಕ್ಕೆ ಅರ್ಜಿಯಾ ಸಾರ್? ನೀವು ಬರೆದು ಕೊಡಿ, ನಾನು ದೈವದ ಎದುರು ಓದ್ತೇನೆ."

ಮುಗಿಯಿತು ಇವನ ಕಥೆ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆದರೆ ಧಣಿಗಳು "ಹೊಸತಲ್ಲವಾ, ಸರಿಯಾಗ್ತದೆ" ಎಂದು ಒಳಗೆ ಹೋದರು. ಸರಿಯಾಗುತ್ತದಂತೆ! ಬೂದಿ.

೧೯೮೮ ಜನವರಿ ೩

ಇಡೀ ಭಾನುವಾರ ಯೋಚಿಸಿದೆ. ಇಷ್ಟು ದಿನ ನಾನು ಮಾಡಿದ್ದೇ ತಪ್ಪು. ತೂತು ಸಣ್ಣದಾದರೆ ಅವನು ತೇಪೆ ಹಾಕುತ್ತಾನೆ. ದೋಣಿಯೇ ಮಗುಚಬೇಕು, ಅದೂ ಎಲ್ಲರೂ ಹತ್ತಿ ಕೂತ ಮೇಲೆ ನಡುಹೊಳೆಯಲ್ಲಿ.

ಅದಕ್ಕೆ ಮೊದಲು ಎಲ್ಲರನ್ನೂ ಹತ್ತಿಸಬೇಕು. ಯಂತ್ರ ಇಲ್ಲದೆ ಒಂದು ಬಸ್ಸೂ ಹೊರಡದ ಹಾಗೆ ಮಾಡಬೇಕು. ಹಳೆಯ ರೀತಿಗೆ ಹಿಂದಿರುಗುವ ದಾರಿಯೇ ಇರಬಾರದು. ಆಮೇಲೆ ಏಪ್ರಿಲಿನಲ್ಲಿ ಬ್ಯಾರಿಗಳ ಉಪವಾಸ, ನಮ್ಮವರ ಕೋಲ, ಊರಿಡೀ ಮದುವೆ, ಮೂರೂ ಒಟ್ಟಿಗೆ ಬರುವಾಗ ಒಂದೇ ಏಟು. ಧಣಿಗಳೇ ಪೆಟ್ಟಿಗೆಯನ್ನು ನೇತ್ರಾವತಿಗೆ ಎಸೆಯಬೇಕು.

ಇಲಿ ಬೀಳಬೇಕಾದರೆ ಕೊಬ್ಬರಿ ಇಡಲೇಬೇಕಲ್ಲ? ಇಡುತ್ತೇನೆ.

ಜನವರಿ ೧೯

ಎದುರಿನ ಹೋಟೆಲಿನಲ್ಲಿ ಚಾದ ಹೊತ್ತಿಗೆ ಹೋಗಿ ಕೂರುತ್ತೇನೆ. ಯಾರ ಮನೆಯಲ್ಲಿ ಕೋಲ ಯಾವಾಗ, ಯಾರ ಊರಲ್ಲಿ ಉರೂಸ್ ಯಾವಾಗ, ಯಾರ ಹೆಂಡತಿಗೆ ಹೆರಿಗೆಯ ತಿಂಗಳು, ಕೇಳಿಕೊಂಡು ಬಂದು ಯಂತ್ರಕ್ಕೆ ತುಂಬಿಸುತ್ತೇನೆ. ಮೊದಮೊದಲು ಬಾಯಿ ಬಿಡಲಿಲ್ಲ. ಗಜಾನನನ ತಂಗಿಯ ಮದುವೆಯ ದಿನ ಅವನು ಹೇಳದೆಯೇ ಹಾಳೆಯಲ್ಲಿ ರಜೆ ಬಂತು ನೋಡಿ, ಆಮೇಲೆ ಸಾಲುಗಟ್ಟಿ ಬಂದು ಹೇಳತೊಡಗಿದರು.

"ಇದು ಪರವಾಗಿಲ್ಲ ರಾಜೀವಕ್ಕ. ಮರೆಯುವುದಿಲ್ಲ ಮಾರಾಯ್ರೆ" ಎಂದ ಮೊಯಿದಿನಬ್ಬ.

ತಿನ್ನಿ ತಿನ್ನಿ ಕೊಬ್ಬರಿ.

ಉದಯಶಂಕರ ಇದನ್ನೆಲ್ಲ ನೋಡಿ ಬೆರಗಾಗಿ ಕೂತಿದ್ದಾನೆ. ನನ್ನನ್ನು ಮಂಗಳೂರಿಗೆ ಕಳಿಸಿ ಪ್ರೋಗ್ರಾಮ್ ತಿದ್ದುವುದನ್ನು ಕಲಿಸುತ್ತಾನಂತೆ. ಒಳ್ಳೆಯದೇ ಆಯಿತು. ಕತ್ತಿ ಕೊಡುವವನಿಗೆ ಕುತ್ತಿಗೆಯ ಚಿಂತೆ ಬೇಡ.

ಫೆಬ್ರವರಿ ೪

ಮಂಗಳೂರಿನಿಂದ ಬಂದೆ. ಕಲಿಸಿದವರು ಹೇಳಿದ್ದಕ್ಕಿಂತ ಸುಲಭ ಉಂಟು. ಕೋಲ ಮತ್ತು ಉಪವಾಸದ ಅದಲು ಬದಲನ್ನು ಇನ್ನು ಅದು ತಾನೇ ಲೆಕ್ಕ ಹಾಕುತ್ತದೆ. ಒಬ್ಬನ ಹಾಲ್ಟ್ ಇನ್ನೊಬ್ಬನಿಗೆ ಹೋದರೆ ಮುಂದಿನ ಸಲ ಇವನದು ಅವನಿಗೆ. ಅದು ಸರಿಯಾಗಿ ಬಂದಾಗ ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ. ದ್ವೇಷಕ್ಕಾದರೂ ಕೆಲಸ ಚೊಕ್ಕ ಇರಬೇಕು.

ಫೆಬ್ರವರಿ ೧೩

ಕೆಡ್ಡಸ ಹಬ್ಬ ಮುಗಿಯಿತು. ಹುರಿಯಕ್ಕಿ ಕಟ್ಟಿಕೊಂಡು ಪಾಣೆಮಂಗಳೂರಿಗೆ ಹೋಗಿ ರುಕ್ಮಯ್ಯಣ್ಣನನ್ನು ನೋಡಿ ಬಂದೆ. ಸೋತು ಹೋಗಿದ್ದಾರೆ. ಗಡಿಯಾರವನ್ನು ಗೋಡೆಗೆ ಹಾಕಿಯೇ ಇಲ್ಲ, ಪೆಟ್ಟಿಗೆಯಲ್ಲೇ ಉಂಟು. ಆದರೂ ಬಸ್ಸು ಸೇತುವೆ ದಾಟುವ ಸದ್ದಾದರೆ, "ಬೆಳ್ತಂಗಡಿ. ಲೇಟು" ಎನ್ನುತ್ತಾರೆ.

"ಎಂಥ ಮಗಾ, ಒಗ್ಗಿತಾ ಅವರಿಗೆ?"

"ಎಲ್ಲಿಗೆ ಒಗ್ಗುವುದು! ಪತ್ತನಾಜೆಯವರೆಗೆ ತಾಳಿಕೊಳ್ಳಿ. ನೀವು ಅಂಗಿ ಇಸ್ತ್ರಿ ಹಾಕಿ ಇಡಿ" ಎಂದೆ.

ನಕ್ಕರು. "ನನ್ನ ಹಲಗೆ ಉಂಟಲ್ಲ?"

"ಉಂಟು" ಎಂದೆ. ಸುಳ್ಳಲ್ಲ. ಕಳೆದ ವಾರವಷ್ಟೇ ಆಚಾರಿಯನ್ನು ಕರೆಸಿ, ಅದನ್ನು ಕೊಯ್ಸಿ, ಪ್ರಿಂಟರಿಗೆ ಮೇಜು ಮಾಡಿಸಿದ್ದೇನೆ. ಹಿಂದಿರುಗುವ ದಾರಿ ಇರಬಾರದು ಎಂದು ನಾನೇ ತೀರ್ಮಾನ ಮಾಡಿದ್ದಲ್ಲವಾ? ಅವರು ವಾಪಸ್ ಬಂದ ಮೇಲೆ ಹೊಸದು ಮಾಡಿಸಿದರಾಯಿತು.

ಮಾರ್ಚ್ ೨೪

ಸಮಯ ಇಲ್ಲ ಬರೆಯಲು. ಮೂಡಬಿದ್ರೆ ಸ್ಟ್ಯಾಂಡಿನ ಟೈಮ್ ಕೀಪರಿಗೆ ಹಾಳೆ ಓದುವುದನ್ನು ಕಲಿಸಲು ಮೂರು ಸಲ ಹೋದೆ. ಅವ ತಾನು ಹಳೆಯ ಹಾಗೆಯೇ ಕಾಗದದ ಚೂರಿನಲ್ಲಿ ಬರೆದುಕೊಳ್ಳುತ್ತೇನೆ ಎಂದ. ಚೂರನ್ನು ಹರಿದು ಅವನ ಕೈಗೇ ಕೊಟ್ಟೆ. "ಒಂದೇ ಕಡೆ ಬರೆಯಬೇಕು, ಎರಡು ಕಡೆ ಬರೆದರೆ ಎರಡೂ ಹಾಳು" ಎಂದು ಬೈದೆ. ಕರೆಂಟು ಹೋಗುವ ಮೊದಲೇ ಎರಡು ದಿನದ ಹಾಳೆ ತೆಗೆದಿಡುವ ಕ್ರಮ ಮಾಡಿದ್ದೇನೆ. ರುಕ್ಮಯ್ಯಣ್ಣ ಹೇಳಿ ಕಳಿಸಿದ್ದರು, ಒಮ್ಮೆ ಬಂದು ಹೋಗು ಎಂದು. ಈ ವಾರ ಆಗಲಿಕ್ಕಿಲ್ಲ.

ಏಪ್ರಿಲ್ ೧೭, ಭಾನುವಾರ

ನಾಳೆಯಿಂದ ಉಪವಾಸ. ಇವತ್ತು ಆಫೀಸಿನಲ್ಲಿ ನಾನೊಬ್ಬಳೇ. ಉಪವಾಸದ ತಾರೀಕುಗಳನ್ನೆಲ್ಲ ಅಳಿಸಿದೆ. ಸಂಜೆಯ ಅಷ್ಟೂ ಟ್ರಿಪ್ಪು ನೋಂಬು ಹಿಡಿದವರಿಗೇ ಬೀಳುವ ಹಾಗೆ ಮಾಡಿ ಹಾಳೆ ತೆಗೆದು ಜಗಲಿಯಲ್ಲಿ ಅಂಟಿಸಿದೆ.

ನಾಳೆ ಸಂಜೆ ಒಂದು ಬಸ್ಸೂ ಹೊರಡುವುದಿಲ್ಲ. ಮದುವೆಯ ಜನ ಶೆಡ್ಡಿಗೆ ಕಲ್ಲು ಹೊಡೆಯುತ್ತಾರೆ. ಮೊಯಿದಿನಬ್ಬನ ಬಾಯಿಗೆ ಸಿಕ್ಕಿದ ಮ್ಯಾನೇಜರ್ ಉಳಿಯುವುದುಂಟಾ? ಉಪ್ಪು ತಿಂದವ ನೀರು ಕುಡಿಯಲೇಬೇಕು. ಕುಡಿ ಉದಯಶಂಕರ, ಹೊಟ್ಟೆ ತುಂಬಾ ಕುಡಿ.

ಏಪ್ರಿಲ್ ೧೮

ಒಬ್ಬನೂ ತುಟಿ ಬಿಚ್ಚಲಿಲ್ಲ! ಎಲ್ಲಾ ಬಸ್ಸುಗಳೂ ಹೊರಟವು.

ಏಪ್ರಿಲ್ ೧೯

ಗಜಾನನ ನಿನ್ನೆ ಸಂಜೆ ಮೊಯಿದಿನಬ್ಬನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದ. ಬೆಳ್ತಂಗಡಿ ದಾರಿಯಲ್ಲಿ, ಏರಿನಲ್ಲಿ ಗೇರು ಬದಲಿಸುತ್ತಿರುವಾಗಲೇ ಹೊತ್ತು ಮುಳುಗಿತಂತೆ. ನಿಲ್ಲಿಸಲು ಜಾಗ ಇರಲಿಲ್ಲ. ಮೊಯಿದಿನಬ್ಬ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇಂಜಿನಿಗೆ ಹೊಯ್ಯುವ ನೀರಿನ ಕ್ಯಾನಿನಿಂದ ಒಂದು ಗುಟುಕು ಕುಡಿದು ಉಪವಾಸ ಬಿಟ್ಟನಂತೆ. ಹಿಂದೆ ಕೂತಿದ್ದ ಯಾರೋ ಅಜ್ಜಿ ಅರ್ಧ ಬಾಳೆಹಣ್ಣು ಕೊಟ್ಟರಂತೆ. ಬೆಳ್ತಂಗಡಿಯಲ್ಲಿ ಇಳಿಯುವಾಗ ಕಾಲು ಸೋತು ಮೆಟ್ಟಿಲಲ್ಲೇ ಕೂತನಂತೆ.

ನನಗೆ ತಡೆಯಲಾಗಲಿಲ್ಲ. ಶೆಡ್ಡಿಗೆ ಹೋಗಿ ಕೇಳಿದೆ, "ನಿಮಗೆ ಬಾಯಿ ಇಲ್ಲವಾ ಮೊಯಿದಿನಬ್ಬ? ಯಾಕೆ ಜಗಳ ಮಾಡಲಿಲ್ಲ?"

"ಹಾಳೆಯಲ್ಲಿ ಬಂದದ್ದಲ್ವ ರಾಜೀವಕ್ಕ? ನೀವು ಹಾಕಿದ್ದು. ಏನಾದ್ರೂ ಕಾರಣ ಇರ್ಬಹುದು ಅಂತ ಎಣಿಸಿದೆ."

"ರುಕ್ಮಯ್ಯಣ್ಣ ಹಾಕಿದ್ದರೆ?"

"ಅವರ ಹತ್ರ ಆದ್ರೆ ಬೊಬ್ಬೆ ಹಾಕ್ತಿದ್ದೆ. ಹಾಳೆಯ ಹತ್ರ ಎಂಥ ಜಗಳ, ಮಾರಾಯ್ರೆ?"

ಅಯ್ಯೋ ದೇವರೇ! ಇಷ್ಟು ಜನ ಇದ್ದು ಒಬ್ಬನಿಗೂ ರೋಷ ಇಲ್ಲವಾ? ನನಗೆ ಅಳು ಬಂತು, ಸಿಟ್ಟಿನಲ್ಲಿ. ಆ ಮನುಷ್ಯ ಇಂಜಿನಿನ ನೀರು ಕುಡಿದದ್ದು ಯಾರಿಂದ? ಆ ಉದಯಶಂಕರನಿಂದ. ಅವನು ಈ ಪೆಟ್ಟಿಗೆ ತಾರದಿದ್ದರೆ ನಾನು ಅಳಿಸಬೇಕಾಗಿತ್ತಾ?

ಕೂಡಲೇ ಹೋಗಿ ತಾರೀಕುಗಳನ್ನೆಲ್ಲ ವಾಪಸ್ ತುಂಬಿಸಿದೆ. ಮೊಯಿದಿನಬ್ಬನಿಗೆ ತಿಂಗಳಿಡೀ ಬೆಳಗಿನ ಟ್ರಿಪ್ಪು. ಪತ್ತನಾಜೆಗೆ ಇನ್ನೂ ಸಮಯ ಉಂಟು. ಇನ್ನೊಂದು ಏಟು ಹಾಕುವ.

ಏಪ್ರಿಲ್ ೨೯

ಈ ವಾರ ಬೇಡ. ಮದುವೆ ಸ್ಪೆಷಲ್‌ಗಳು ತುಂಬಾ ಉಂಟು, ಹಾಳೆ ತಪ್ಪಿದರೆ ಕಷ್ಟ.

ಮೇ ೯

ಈ ವಾರವೂ ಬೇಡ. ಹೊಸ ಬಸ್ಸು ಬಂತು, ಅದನ್ನು ಸೇರಿಸಬೇಕು.

ಮೇ ೧೯

ಧಣಿಗಳು ಕರೆದರು. ಉದಯಶಂಕರನೂ ಅಲ್ಲೇ ಕೂತಿದ್ದ.

"ಎಲ್ಲ ರಾಜೀವಿಯೇ ಮಾಡ್ತಾಳಲ್ಲ ಈಗ? ಮತ್ತೆ ನೀವು ಇಲ್ಲಿ ಯಾಕೆ ಅಂತ ನನಗೆ ತಿಳಿಯುವುದಿಲ್ಲ, ಸಾರ್. ಈ ತಿಂಗಳಿಗೆ ಸಾಕು."

ಅಷ್ಟೇ. ಹೀಗೆ, ಬಾಳೆಲೆ ಮಡಚಿದ ಹಾಗೆ! ಅವನ ಮುಖ ಬಿಳಿಚಿತು. ಒಂದು ವರ್ಷದಿಂದ ನಾನು ಕಾದದ್ದು ಈ ಮುಖ ನೋಡಲಿಕ್ಕೆ. ನೋಡಿದೆ, ಕಣ್ಣು ತುಂಬಾ ನೋಡಿದೆ. ಆಮೇಲೆ ಕರೆಂಟು ಬಂತು, ಹಾಳೆ ತೆಗೆಯಲು ಎದ್ದು ಹೋದೆ.

ಮೇ ೨೪, ಪತ್ತನಾಜೆ

ಶಾಲು ನಾನೇ ಆರಿಸಿ ತಂದೆ. ಗಡಿಯಾರವೂ ಅದೇ ಅಂಗಡಿಯದು, ಅದೇ ಜಾತಿಯದು. ಉದಯಶಂಕರನ ಕೈಯಲ್ಲಿ ಅದನ್ನು ಇಡುವಾಗ ಅಪ್ಪನನ್ನು ನೆನೆದುಕೊಂಡೆ. ಮಾತು ಉಳಿಸಿಕೊಂಡೆ ಅಪ್ಪಾ.

ಹೊರಡುವ ಮೊದಲು ನನ್ನ ಮೇಜಿನ ಹತ್ತಿರ ಬಂದ. "ಬರೀ ನನ್ನ ಭಾಷಣದಲ್ಲಿ ಇದು ಮೂರು ತಿಂಗಳಲ್ಲಿ ಮುಚ್ಚಿ ಹೋಗ್ತಿತ್ತು ಮೇಡಂ. ಐದು ವರ್ಷ ಅಲ್ಲ, ಇನ್ನು ಇದನ್ನು ಯಾರೂ ಬಿಡುವುದಿಲ್ಲ. ನಿಮ್ಮಿಂದ" ಎಂದ. ಸೋತವನ ಕುಹಕ. ನಾನು ಗೇಟಿನವರೆಗೂ ಹೋಗಲಿಲ್ಲ.

ಗಜಾನನ ಮೀಸೆ ಬೋಳಿಸಿಕೊಂಡು ಬಂದಿದ್ದ. ಐದು ತಿಂಗಳಿನ ಪಂಥ, ತಡವಾದರೂ ಮಾತು ಅಂದರೆ ಮಾತು ಅಂತೆ, ಹುಚ್ಚು ಪಿರ್ಕಿ. ಎಲ್ಲರೂ ನಕ್ಕರು.

ಮೇ ೨೫

ಧಣಿಗಳು ಕೇಳಿದರು, "ನಿನಗೆ ಒಬ್ಬ ಜನ ಬೇಕಾಗ್ತದೆ ಇನ್ನು. ರುಕ್ಮಯ್ಯನನ್ನು ಕರೆಸುವುದಾ? ಯಂತ್ರ ಇರ್ತದೆ, ಆದ್ರೂ ಪಾಪ, ಆಸೆಯಲ್ಲಿ ಇದ್ದಾರೆ."

ಒಂದು ಕ್ಷಣ ಯೋಚಿಸಿದೆ. ರುಕ್ಮಯ್ಯಣ್ಣ ಬಂದರೆ ಬರೆಯುವುದು, ಅಳಿಸುವುದು, ಬೊಬ್ಬೆ, ಚಾ. ಒಬ್ಬೊಬ್ಬನಿಗೂ ಒಂದೊಂದು ದಾಕ್ಷಿಣ್ಯ. ಹಾಳೆಯ ಮೇಲೆ ಪೆನ್ನಿನಲ್ಲಿ ತಿದ್ದಿದರೆ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಕಟ್ಟಿದ್ದೆಲ್ಲ ಒಂದು ತಿಂಗಳಲ್ಲಿ ಬಿಚ್ಚಿ ಹೋಗುತ್ತದೆ.

"ಅವರಿಗೆ ಒಗ್ಗಲಿಕ್ಕಿಲ್ಲ ಧಣಿಗಳೇ. ಟೈಪಿಂಗ್ ಬರುವ ಹುಡುಗಿ ಯಾರಾದರೂ ಇದ್ದರೆ ನೋಡುವ."

ಧಣಿಗಳು "ಆಯಿತು" ಎಂದರು.

ಮೇ ೨೬

ಇವತ್ತು ರುಕ್ಮಯ್ಯಣ್ಣನೇ ಬಂದರು. ಮ್ಯಾನೇಜರ್ ಹೋದ ಸುದ್ದಿ ಮೊಯಿದಿನಬ್ಬ ಮುಟ್ಟಿಸಿದನಂತೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಹೊಸ ಸೀಮೆಸುಣ್ಣದ ಪೊಟ್ಟಣ.

"ಮಾಡಿಯೇಬಿಟ್ಟೆಯಲ್ಲ ಮಗಾ! ನೀನು ಹೇಳಿದಾಗ ನಾನು ನಂಬಿರಲಿಲ್ಲ" ಎಂದು ನನ್ನ ತಲೆ ಮುಟ್ಟಿದರು. "ಎಲ್ಲಿ ಉಂಟು ನನ್ನ ಹಲಗೆ?"

ಕೂರಿ, ಚಾ ತರಿಸುತ್ತೇನೆ ಎಂದೆ. ಅವರ ಕಣ್ಣು ಪ್ರಿಂಟರಿನ ಕೆಳಗೆ ಹೋಯಿತು. ಬಗ್ಗಿ ಕೈಯಾಡಿಸಿದರು. "ಹಲಸಿನದು. ನಮ್ಮದೇ ಅಲ್ಲವಾ ಇದು?"

"ಹೌದು, ಗಟ್ಟಿ ಉಂಟು. ಪ್ರಿಂಟರ್ ಎಷ್ಟು ಕುಟ್ಟಿದರೂ ಅಲ್ಲಾಡುವುದಿಲ್ಲ."

ಆಗಲೇ ಹಾಳೆ ಹೊರಗೆ ಬರತೊಡಗಿತು. ಸದ್ದು ನಿಲ್ಲುವವರೆಗೆ ನಿಂತೇ ಇದ್ದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನು?" ಎಂದು ಕೇಳಿದರು.

ಸಾಲಾಗಿ ಜನ ಹಾಳೆಗೆ ಕಾಯುತ್ತಿದ್ದರು. ಆದರೂ ನಾನು ಗಡುಸಾಗಿ ಮಾತಾಡಲಿಲ್ಲ, ನಗುತ್ತಲೇ ಹೇಳಿದೆ: "ಸಾಕಲ್ಲ ರುಕ್ಮಯ್ಯಣ್ಣ, ನಿಮ್ಮ ತಲೆಗೂ ಸ್ವಲ್ಪ ವಿಶ್ರಾಂತಿ ಬೇಡವಾ?"

ರುಕ್ಮಯ್ಯಣ್ಣ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಇಟ್ಟು ಹೊರಟು ಹೋದರು. ಚಾ ಬಂದಾಗ ಅವರು ಇರಲಿಲ್ಲ, ನಾನೇ ಕುಡಿದೆ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ವಯಸ್ಸಾದವರಿಗೆ ಬೇಗ ಕೋಪ.

ಸೀಮೆಸುಣ್ಣದ ಪುಡಿ ಯಂತ್ರಕ್ಕೆ ಆಗುವುದಿಲ್ಲ. ಪೊಟ್ಟಣವನ್ನು ಹೊರಗಿಟ್ಟು ಬಂದೆ.